ಬೇವಿನ ಸಾಲು ನೇರ ಹೋಗುತ್ತದೆ

ಬೀಳಗಿ ದಾಟಿ ಹನ್ನೊಂದನೇ ಕಿಲೋಮೀಟರಿಗೆ
ರಸ್ತೆ ಎಡಕ್ಕೆ ಹೊರಳುತ್ತದೆ.
ಬೇವಿನ ಸಾಲು ಹೊರಳುವುದಿಲ್ಲ.
ಅದಕ್ಕೆ ಯಾರೂ ಆದೇಶ ಕಳಿಸಿಲ್ಲ;
ಹಿನ್ನೀರಿನಡಿ ಮುಳುಗಿದ ಊರಿಗೆ
ಇನ್ನೂ ನೇರ ನಡೆದೇ ಇದೆ.

ಒಂದು ವರ್ಷಕ್ಕೆ ಏಳು ಗಾಡಿ ಎರಿ ಹೊಲಕ್ಕೆ ಬಿದ್ದವು.
ಪಂಚನಾಮೆಯಲ್ಲಿ ಏಳು ಸಲವೂ ಒಂದೇ ಸಾಲು:
ಚಾಲಕನ ಅತಿವೇಗ ಮತ್ತು ನಿಷ್ಕಾಳಜಿ.
ನಾವೂ ಒಂದು ಫಲಕ ನೆಟ್ಟೆವು, ನಿಧಾನವಾಗಿ ಚಲಿಸಿ.
ಎಂಟನೆಯದು ಆ ಫಲಕವನ್ನೇ ಕೆಡವಿಕೊಂಡು ಹೋಯಿತು.

ನಾನು ಶಾಹೀನಾ ಬಾಗವಾನ, ಕಿರಿಯ ಇಂಜಿನಿಯರು.
ಮೂರು ದಿನ ಕುರ್ಚಿ ಹಾಕಿ ಕೂತೆ,
ಬ್ರೇಕಿನ ಕೆಂಪು ದೀಪ ಎಲ್ಲಿ ಹೊತ್ತುತ್ತದೆಂದು
ಚೀಟಿಯಲ್ಲಿ ಗುರುತು ಹಾಕುತ್ತ.
ಹಗಲಿನವರು ಕಲ್ಲುಸೇತುವೆಯ ಬಳಿಯೇ ತುಳಿಯುತ್ತಿದ್ದರು.
ಕತ್ತಲಾದ ಮೇಲೆ ಬಂದವರು
ಹೊರಳಿನ ಒಳಗೇ ಹೋಗಿ, ಟೈರು ಕಿರುಚಿಸಿ.

"ಎಣ್ಣಿ ಹೊಡದಿರ್ತಾರ್ರೀ ಮೇಡಂ" ಅಂದ ದುಂಡಪ್ಪ ಹಾದಿಮನಿ,
ಇಪ್ಪತ್ತೆರಡು ವರ್ಷ ಬಣ್ಣದ ಡಬ್ಬಿ ಹಿಡಿದವನು.
"ಇಲ್ಲಾಂದ್ರ ಆ ಜಾಗಾನ ಸರಿ ಇಲ್ರಿ."
ಜಾಗಕ್ಕೆ ಲಿಂಬೆಹಣ್ಣು ಕಟ್ಟಿದವರೂ ಇದ್ದರು.

ಕಬ್ಬಿನ ಹಂಗಾಮು. ಒಂದು ರಾತ್ರಿ
ಬಸಲಿಂಗನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತೆ.
ಹಿಂದೆ ಎರಡು ಟ್ರೇಲರ್ ಕಬ್ಬು, ಕಿವಿ ಕಿತ್ತು ಹೋಗುವಷ್ಟು ಹಾಡು.
ರಸ್ತೆ ಹೇಗೆ ಗೊತ್ತಾಗುತ್ತದೆ ಎಂದು ಕೂಗಿ ಕೇಳಿದೆ.
"ರಸ್ತಾ ಯಾರ ನೋಡ್ತಾರ್ರೀ?
ರಸ್ತಾನೂ ಕರೀದು, ರಾತ್ರೀನೂ ಕರೀದು.
ಗಿಡದ ಪಟ್ಟಿ ನೋಡಕೋತ ಹೋಗೂದು."

ಆಗ ಕಂಡಿತು.
ಹೆಡ್‌ಲೈಟು ಚಾಚಿದಷ್ಟು ದೂರ
ಬೇವಿನ ಬುಡಬುಡಕ್ಕೂ ಸುಣ್ಣದ ಬಿಳಿ, ನಡುವೆ ಕಾವಿ,
ಒಂದರ ಹಿಂದೊಂದು, ಅಳತೆ ತಪ್ಪದೆ,
ಬಾ, ಬಾ ಎಂದು ಹೊಳೆಯುತ್ತ
ನೀರಿನ ಕಡೆಗೆ.
ಹೊರಳು? ಅದು ಎಡಗಡೆಗೆ ಒಂದಿಷ್ಟು ಕತ್ತಲು, ಅಷ್ಟೇ.
ಬಸಲಿಂಗನ ಕೈಗೆ ಗೊತ್ತಿತ್ತು, ತಿರುಗಿಸಿದ.
ಸೊಲ್ಲಾಪುರದಿಂದ ಮೊದಲ ಸಲ ಬಂದವನ ಕೈಗೆ
ಯಾರು ಹೇಳಬೇಕು?

ಬೆಳಿಗ್ಗೆ ಕಡತ ತೆಗೆಸಿದೆ.
ಪ್ರತಿ ಮಾರ್ಚಿನಲ್ಲಿ, ರಸ್ತೆ ಬದಿ ಮರಗಳಿಗೆ ಬಣ್ಣ,
ಮರ ಇನ್ನೂರ ಹದಿನಾಲ್ಕು.
ಊರು ಮುಳುಗಿತ್ತು, ಲೆಕ್ಕದಿಂದ ಒಂದು ಮರವೂ ಇಳಿದಿರಲಿಲ್ಲ.
ಕೆಳಗೆ ದುಂಡಪ್ಪನ ಸಹಿ.

ಹೇಳಿದೆ. ಅವನು ಬಹಳ ಹೊತ್ತು ತನ್ನ ಉಗುರು ನೋಡಿಕೊಂಡ.
"ಕಡೀ ಗಿಡಾ ನೀರಾಗ ನಿಂತಿತ್ರಿ.
ಮೊಣಕಾಲ ಮಟಾ ಇಳದು ಹಚ್ಚೀನಿ,
ಚಂದ ಕಾಣಲಿ ಅಂತ."

ಮರುದಿನ ತಾನೇ ಎರಿ ಮಣ್ಣು ಕಲಸಿ
ಹೊರಳಿನಾಚೆಯ ತೊಂಬತ್ತಾರು ಬುಡಕ್ಕೆ ಮೆತ್ತಿದ.
ಯಾರನ್ನೂ ಕರೆಯಲಿಲ್ಲ.
ಒಬ್ಬ ಮುದುಕ ಸೈಕಲ್ ನಿಲ್ಲಿಸಿ ನಿಂತ:
"ಉಳದದ್ದು ಅದೊಂದ ಹಾದಿ. ಅದನ್ನೂ ಅಳಿಸಿದ್ರಿ."

ಹೊರ ಅಂಚಿಗೆ ಬಾಣದ ಫಲಕ ನೆಟ್ಟೆವು,
ಕಣ್ಣನ್ನು ಕಿವಿ ಹಿಡಿದು ತಿರುಗಿಸಲು.
ಅದಕ್ಕೂ ಮುಂಚೆ, ರಸ್ತೆಗೆ ಅಡ್ಡ ಬಿಳಿ ಗೆರೆ,
ಮೊದಲು ಏಳು ಮಾರಿಗೊಂದು, ಆಮೇಲೆ ಐದು, ಮೂರು, ಒಂದು.
ವೇಗ ಅಷ್ಟೇ ಇದ್ದರೂ ಏರಿದಂತೆ ಅನಿಸಬೇಕು,
ಕಾಲು ತಾನಾಗಿ ಮೇಲೇಳಬೇಕು.
"ಇದು ಮೋಸ ಅಲ್ಲೇನ್ರಿ?" ದುಂಡಪ್ಪ ದಾರ ಜಗ್ಗುತ್ತ ಕೇಳಿದ.
ಹೌದು ಅಂದೆ. ಜಗ್ಗು, ಸಡಿಲ ಬಿಡಬೇಡ.

ಹದಿನೈದು ದಿನದ ಮೇಲೆ ಮತ್ತೆ ಕುರ್ಚಿ, ಚೀಟಿ.
ರಾತ್ರಿಯ ದೀಪಗಳೂ ಈಗ ಸೇತುವೆಗೆ ಮೊದಲೇ ಹೊತ್ತುತ್ತಿವೆ.
ಎಲ್ಲವೂ ಅಲ್ಲ.
ಒಂದು ಹಾಲಿನ ಗಾಡಿ ಹಾಗೇ ನುಗ್ಗಿ ಹೋಗುತ್ತದೆ,
ಚಾಲಕನ ಮುಖದ ಮೇಲೆ ಮೊಬೈಲಿನ ನೀಲಿ.
ಅವನಿಗೆ ಯಾವ ಗೆರೆ ಎಳೆಯಬೇಕೋ ನನಗಿನ್ನೂ ತಿಳಿದಿಲ್ಲ.

ಎಂಟೂವರೆಗೆ ಸ್ಕೂಟಿ ಏರಿದೆ.
ಸುಣ್ಣದ ಪುಡಿ ಚೆಲ್ಲಿ ಅಳತೆ ಹಾಕಿದವಳು ನಾನೇ,
ಏಳು, ಐದು ಬಾಯಿಪಾಠ.
ಆದರೂ ಮೂರರ ಹತ್ತಿರ
ಹಿಡಿದ ಮುಷ್ಟಿ ಸಡಿಲಿತು,
ನನ್ನನ್ನು ಕೇಳದೆ.